ತಾರಸಿಯ ಮೇಲೆ ಹಿತಕಿದ ಬೇಳೆ ಆಮ್ಲೆಟ್ಟು

ನನಗೆ ಅಡುಗೆ ಬರುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಇದನ್ನು ನನ್ನ ಹೊರತು ಭೂಮಿಯ ಮೇಲೆ ಬೇರೆ ಯಾರೂ ನಂಬಿಲ್ಲ, ಅದು ಬೇರೆ ಮಾತು. ಇಪ್ಪತ್ತೆರಡು ವರ್ಷದಿಂದ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ‘ಒಗ್ಗರಣೆ ಸೀಯ್ತಾ ಇದೆ’, ‘ಹುಣಸೆಹಣ್ಣು ಮುಂದಾಯ್ತು’ ಎಂದು ಹೇಳುತ್ತಾ ಬಂದವನಿಗೆ ಅಷ್ಟೂ ಬರುವುದಿಲ್ಲವೇ? ಹೀಗೆಂದು ಒಂದು ದಿನ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ನನ್ನ ಹೆಂಡತಿ ವಸುಧಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, “ಹಾಗಾದ್ರೆ ಈ ಭಾನುವಾರ ನೀವೇ ಮಾಡಿ. ಮಾಡಿದ್ದನ್ನ ನಾನು ತಿಂತೀನಿ, ಪ್ರಾಮಿಸ್” ಎಂದಳು. ಮರ್ಯಾದೆ ಪ್ರಶ್ನೆ. ಫೋನಿನಲ್ಲಿ ಯಾರೋ ಮೂಲಂಗಿ ಸೊಪ್ಪು ಹಾಕಿ ಮೊಟ್ಟೆಯಲ್ಲಿ ಏನೋ ಮಾಡಿ ಅದಕ್ಕೆ ‘ಸೀಸನಲ್ ಬ್ರಂಚ್’ ಎಂದು ಹೆಸರಿಟ್ಟಿದ್ದನ್ನು ನೋಡಿದ್ದೆ. ಅವರೆಕಾಯಿ ಕಾಲದಲ್ಲಿ ಎನ್.ಆರ್. ಕಾಲೋನಿಯವನು ಮೂಲಂಗಿ ಸೊಪ್ಪಿಗೆ ಹೋಗುವುದುಂಟೇ? ಹಿತಕಿದ ಬೇಳೆ ಹಾಕಿ ಆಮ್ಲೆಟ್ ಮಾಡುತ್ತೇನೆ ಎಂದು ಘೋಷಿಸಿಬಿಟ್ಟೆ.

ನಮ್ಮ ಮನೆಗೂ ಮೊಟ್ಟೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೂರು ವರ್ಷದ ಹಿಂದಿನವರೆಗೂ ಏನೂ ಇರಲಿಲ್ಲ. ಆಮೇಲೆ ಡಾಕ್ಟರು ವಸುಧಾಗೆ ಪ್ರೋಟೀನು ಸಾಲದು, ದಿನಕ್ಕೊಂದು ಮೊಟ್ಟೆ ತಿನ್ನಲೇಬೇಕು ಎಂದರು. ನಮ್ಮಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಾನೂನು ಹೊರಡಿಸಿದರು. ಸೊಸೆಯ ಆರೋಗ್ಯಕ್ಕೆ ಅವರು ಅಡ್ಡಬರುವುದಿಲ್ಲ. ಆದರೆ ಮೊಟ್ಟೆ ಹೊರಗಿನ ಮೆಟ್ಟಿಲಿನಿಂದ ನೇರವಾಗಿ ತಾರಸಿಗೆ ಹೋಗಬೇಕು. ನೀರಿನ ಟ್ಯಾಂಕಿನ ಕೆಳಗೆ ಬೆತ್ತದ ಬುಟ್ಟಿ ಮುಚ್ಚಿ ಅದರ ವಾಸ. ಅದಕ್ಕೆ ಬೇರೆ ಕರೆಂಟ್ ಒಲೆ, ಬೇರೆ ಕಾವಲಿ, ಬೇರೆ ಉಪ್ಪು. ಕೆಳಗಿನ ಸಾಮಾನು ಮೇಲೆ ಹೋಗಬಹುದು, ಮೊಟ್ಟೆಯ ಸಹವಾಸ ಮಾಡಿದ ಮೇಲೆ ಕೆಳಗೆ ಬರುವ ಹಾಗಿಲ್ಲ. ಮೇಲೆ ಅಡುಗೆ ಮಾಡಿದವರು, ತಿಂದವರು ಹಿತ್ತಿಲ ಬಚ್ಚಲಲ್ಲಿ ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ಅದಕ್ಕೇ ವಸುಧಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆಯೇ ಹೋಗಿ ತಿಂದು ಬರುತ್ತಾಳೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಒಣಗುವಷ್ಟು ದಿನ ಮೊಟ್ಟೆಗೆ ರಜ. ಪ್ರೋಟೀನು ಆಗ ಸಂಡಿಗೆಗಾಗಿ ಕಾಯಬೇಕು.

ಬ್ರಂಚ್ ಎಂದರೇನು ಎಂದು ಅಮ್ಮ ವಿಚಾರಿಸಿದರು. ತಿಂಡಿಯೂ ಅಲ್ಲದ, ಊಟವೂ ಅಲ್ಲದ, ಹತ್ತೂವರೆ ಹನ್ನೊಂದಕ್ಕೆ ತಿನ್ನುವಂಥದ್ದು ಎಂದೆ. “ಅದಕ್ಕೆ ಇಂಗ್ಲಿಷಲ್ಲಿ ಹೆಸರು ಬೇರೆನಾ? ನಿಮ್ಮಪ್ಪ ಜೀವಮಾನ ಪೂರ್ತಿ ಒಂಬತ್ತೂವರೆಗೆ ಹುಳಿಯನ್ನ ಉಂಡು ಆಫೀಸಿಗೆ ಹೋದ್ರು. ಪಾಪ, ತಾವು ಬ್ರಂಚ್ ಮಾಡ್ತಿದೀನಿ ಅಂತ ಅವರಿಗೆ ಗೊತ್ತೇ ಆಗ್ಲಿಲ್ಲ” ಎಂದರು.

ಆ ಭಾನುವಾರ ಇನ್ನೊಂದು ವಿಶೇಷವಿತ್ತು. ಅಮ್ಮನ ತಮ್ಮ ಸೀನು ಮಾಮ ಮಲ್ಲೇಶ್ವರದಿಂದ ಊಟಕ್ಕೆ ಬರುವವರಿದ್ದರು. ನಿವೃತ್ತ ಮೇಷ್ಟರು, ಎಪ್ಪತ್ತಾರು ವರ್ಷ, ಹುಟ್ಟುಹಬ್ಬದ ಕೇಕು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವ ಮಡಿವಂತರು. ಮಾಮಿ ಹೋದ ಮೇಲೆ ಅವರಿಗೆ ಹಿತಕಿದ ಬೇಳೆ ಸಾರು ಸಿಗುವುದು ವರ್ಷಕ್ಕೊಮ್ಮೆ, ನಮ್ಮ ಮನೆಯಲ್ಲಿ ಮಾತ್ರ. ಆ ಒಂದು ಊಟಕ್ಕಾಗಿ ಅಮ್ಮ ಶನಿವಾರ ಅವರೆಕಾಳು ನೆನೆಹಾಕಿ, ಬೆಳಗಿನ ಜಾವ ಎದ್ದು, ನೋಯುವ ಬೆರಳಲ್ಲಿ ಒಂದೊಂದೇ ಕಾಳು ಹಿತುಕಿ ದೊಡ್ಡ ಬೋಗುಣಿ ತುಂಬಿಸಿದ್ದರು. “ಒಂದು ಹಿಡಿ ತಗೊಂಡು ಹೋಗು. ಒಂದೇ ಹಿಡಿ” ಎಂದು ನನಗೆ ಹೇಳಿ ದೇವರ ಮನೆಗೆ ಹೋದರು.

ನಾನು ಏನು ಮಾಡಬೇಕಿತ್ತು? ಒಂದು ಹಿಡಿ ಬಟ್ಟಲಿಗೆ ಹಾಕಿಕೊಂಡು ಹೋಗಬೇಕಿತ್ತು. ನನ್ನ ಒಂದು ಕೈಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಚಾಕು, ಇನ್ನೊಂದರಲ್ಲಿ ಎಣ್ಣೆ ಬಾಟಲಿ. ಹಿಡಿ ತುಂಬಲು ಕೈ ಖಾಲಿ ಇರಲಿಲ್ಲ. ಮೇಲೆ ಹೋಗಿ ಹಿಡಿ ಲೆಕ್ಕ ಹಾಕೋಣ ಎಂದು ಇಡೀ ಬೋಗುಣಿಯನ್ನೇ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಟ್ಯಾಂಕಿನ ಪಕ್ಕದಲ್ಲಿ, ಆ ಬುಟ್ಟಿಗೆ ತಗುಲಿದಂತೆ ಇಟ್ಟೆ. ಕಾವಲಿಗೆ ಎಣ್ಣೆ ಬಿಟ್ಟು, ಈರುಳ್ಳಿ ಹುರಿದು, ಒಂದು ಹಿಡಿ ಬೇಳೆ ಹಾಕಿದೆ. ಘಮ್ ಎಂದಿತು. ಅಷ್ಟರಲ್ಲಿ ಮೇಲೆ ಬಂದ ವಸುಧಾ ಬೋಗುಣಿ ನೋಡಿ ಎದೆ ಹಿಡಿದುಕೊಂಡಳು. “ರೀ, ಎಲ್ಲಾನೂ ತಂದುಬಿಟ್ರಾ? ಇದು ಇನ್ನು ಕೆಳಗೆ ಹೋಗತ್ತಾ?”

ಕೆಳಗೆ ಮೆಟ್ಟಿಲ ಬುಡದಲ್ಲಿ ಅಮ್ಮ ಆಗಲೇ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸೀನುಗೆ ಏನು ಬಡಿಸ್ಲೋ? ಬರೀ ತಿಳಿಸಾರಾ? ಒಂದು ವರ್ಷದಿಂದ ಕಾದಿದಾನೆ” ಎಂದರು. ಅವರ ಕಣ್ಣು ತುಂಬಿತ್ತು. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಮಾಮನಿಗೆ ಗೊತ್ತಾಗದಂತೆ ಬೋಗುಣಿಯನ್ನು ಇಳಿಸೋಣ ಎಂದು ನಾನು ಗೊಣಗಿದೆ. “ಅವನಿಗೆ ಗೊತ್ತಾಗಲ್ಲ. ಬಡಿಸೋ ನನಗೆ ಗೊತ್ತಾಗಲ್ವಾ?” ಎಂದರು ಅಮ್ಮ. ಆಮೇಲೆ ವಕೀಲರ ಗತ್ತಿನಲ್ಲಿ ಕೇಳಿದರು. “ಅದನ್ನ ಒಡೆದಿದೀಯಾ?”

“ಇಲ್ಲಮ್ಮ, ಇನ್ನೂ ಬುಟ್ಟಿ ಒಳಗೇ ಇದೆ.”

“ಎಷ್ಟಿದೆ ನೋಡು.”

ಎಷ್ಟಿದ್ದರೆ ಎಷ್ಟು ದೋಷ ಎಂದು ನನಗೆ ತಿಳಿಯಲಿಲ್ಲ. ಬುಟ್ಟಿ ಎತ್ತಿದೆ. ಕೆಳಗೆ ಖಾಲಿ ಟ್ರೇ. ವಸುಧಾ ನನ್ನ ಮುಖ ನೋಡಿದಳು. “ಶುಕ್ರವಾರವೇ ಮುಗೀತು, ತನ್ನಿ ಅಂತ ಮೂರು ಸಲ ಹೇಳಿದ್ನಲ್ರೀ!” ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಮರೆವು ಮನೆಗೆ ಉಪಕಾರ ಮಾಡಿತ್ತು. ಮೊಟ್ಟೆಯೇ ಇಲ್ಲದ ಮೇಲೆ ಸಹವಾಸ ಎಲ್ಲಿಂದ ಬಂತು? “ಸದ್ಯ! ದೇವರು ದೊಡ್ಡವನು” ಎಂದು ಅಮ್ಮ ಕೈಮುಗಿದರು. ವಸುಧಾ ಬೋಗುಣಿಯನ್ನು ಮೆರವಣಿಗೆಯಂತೆ ಕೆಳಗಿಳಿಸಿದಳು.

ಈಗ ಕಾವಲಿಯಲ್ಲಿ ಒಂದು ಹಿಡಿ ಬೇಳೆ, ಮೊಟ್ಟೆ ಇಲ್ಲ. ತರಲು ಹೊರಟರೆ ಅಮ್ಮ ತಡೆದರು. “ಸೀನು ಬರೋ ಹೊತ್ತು. ಅವನೂ ಅದೂ ಒಟ್ಟಿಗೆ ಗೇಟಿಗೆ ಬರೋದು ಬೇಡ.” ಕೊನೆಗೆ ಅವರೇ ಒಂದು ಬಟ್ಟಲು ಕಡಲೆಹಿಟ್ಟು ಕೊಟ್ಟರು. ಕಲಸಿ ಹುಯ್ದೆ. ಕಾವಲಿಗೆ ಕಚ್ಚಿಕೊಂಡಿತು. ಕೆರೆದೆ. ಮೂರು ತುಂಡಾಗಿ ಬಂತು. ವಸುಧಾ ಮಾತು ಕೊಟ್ಟಿದ್ದಳಲ್ಲ, ಒಂದು ತುಂಡು ತಿಂದಳು. “ಬೆಂದಿದೆ” ಎಂದಷ್ಟೇ ಹೇಳಿ, ಕಾನೂನಿನಂತೆ ಸ್ನಾನಕ್ಕೆ ಹೋದಳು.

ನಾನೊಬ್ಬನೇ ಕಾವಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಸೀನು ಮಾಮ! ಮಂಡಿನೋವಿನ ಮನುಷ್ಯ ಹೊರಗಿನ ಮೆಟ್ಟಿಲು ಹತ್ತಿ ಮೇಲೆ ಬಂದುಬಿಟ್ಟಿದ್ದಾರೆ. ನಾನು ತಟ್ಟೆ ಮುಚ್ಚಲು ಹೋದೆ.

“ಮುಚ್ಚಬೇಡ ಕಣೋ. ಹೋದ ವರ್ಷ ಕರಿಬೇವು ಕೀಳೋಕೆ ಬಂದಾಗಲೇ ಬುಟ್ಟಿ ಎತ್ತಿ ನೋಡಿದೀನಿ” ಎಂದು ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಒಂದೇ ಒಂದು ತುಂಡು ಕೊಡು. ಹೆಂಗಿರತ್ತೆ ಅಂತ ನೋಡದೇನೇ ಹೋಗ್ಬಿಡ್ತೀನೋ ಏನೋ. ಅಕ್ಕನಿಗೆ ಹೇಳ್ಬೇಡ.”

“ಮಾಮ, ಇದರಲ್ಲಿ...” ಎಂದು ಬಾಯಿ ತೆರೆದೆ.

“ಏನೂ ಹೇಳ್ಬೇಡ. ನನಗೆಲ್ಲಾ ಗೊತ್ತು” ಎಂದು ಕೈ ಎತ್ತಿ, ಕಣ್ಣು ಮುಚ್ಚಿ, ಏನೋ ಮಂತ್ರ ಹೇಳಿಕೊಂಡು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಕಣ್ಣು ತೆರೆದಾಗ ಮುಖದಲ್ಲಿ ಪರಮಾಶ್ಚರ್ಯ. “ಲೋ, ಥೇಟ್ ನಮ್ಮ ಮನೆ ಕಡಲೆಹಿಟ್ಟಿನ ಟೊಮೇಟೊ ಆಮ್ಲೆಟ್ ಥರಾನೇ ಇದೆಯಲ್ಲೋ! ಇಷ್ಟಕ್ಕಾ ನಾನು ಎಪ್ಪತ್ತಾರು ವರ್ಷ ಹೆದರಿದ್ದು?” ಎಂದು ಇನ್ನೊಂದು ತುಂಡೂ ತೆಗೆದುಕೊಂಡರು. ನನ್ನ ಪಾಲಿಗೆ ಏನೂ ಉಳಿಯಲಿಲ್ಲ.

ಕೆಳಗಿಳಿದವರು ಸುಮ್ಮನಿರಬಾರದೇ? ಮಡಿವಂತರಲ್ಲವೇ, ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, “ಅಕ್ಕ, ಒಂದು ಟವಲ್ ಕೊಡು, ಸ್ನಾನ ಮಾಡಬೇಕು. ಮೆಟ್ರೋದಲ್ಲಿ ಬಹಳ ಜನ” ಎಂದರು. ಅಮ್ಮ ಅವರ ಮುಖ ನೋಡಿದರು, ಮೀಸೆಗೆ ಅಂಟಿದ್ದ ಈರುಳ್ಳಿ ನೋಡಿದರು, ತಾರಸಿಯ ಕಡೆ ನೋಡಿದರು. ಟವಲ್ ಕೊಟ್ಟರು. ಬಚ್ಚಲುಮನೆ ಬಾಗಿಲು ಹಾಕಿದ ಮೇಲೆ, ಹಿಂದೆಯೇ ಇಳಿದು ಬಂದಿದ್ದ ನನ್ನನ್ನು ಪಕ್ಕಕ್ಕೆ ಕರೆದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು. “ಕಡಲೆಹಿಟ್ಟು ಅಂತ ಹೇಳ್ಬೇಡ ಕಣೋ. ಪಾಪ, ತಿಂದುಬಿಟ್ಟೆ ಅಂತ ಎಷ್ಟು ಖುಷಿಯಾಗಿದಾನೆ.”

ಸರಿ ಎಂದು ಒಳಗೆ ಹೊರಟೆ. “ನೀನೆಲ್ಲಿಗೆ? ಸ್ನಾನ ಮಾಡು” ಎಂದರು.

“ಮೊಟ್ಟೆಯೇ ಇರ್ಲಿಲ್ವಲ್ಲಮ್ಮ!”

“ನೀನು ಸ್ನಾನ ಮಾಡದೆ ಊಟಕ್ಕೆ ಕೂತ್ರೆ ಅವನಿಗೆ ಅನುಮಾನ ಬರತ್ತೆ. ಹೋಗು.”

ಜನವರಿಯ ಮೋಡದ ದಿನ. ಸೋಲಾರಿನಲ್ಲಿದ್ದ ಬಿಸಿನೀರು ವಸುಧಾ ಮತ್ತು ಮಾಮನಿಗೆ ಮುಗಿದಿತ್ತು. ಇಲ್ಲದ ಮೊಟ್ಟೆಯ ಸಲುವಾಗಿ ತಣ್ಣೀರಿನ ಮೊದಲ ಚೊಂಬು ತಲೆಗೆ ಹುಯ್ದುಕೊಂಡು ಗಡಗಡ ನಡುಗುತ್ತಿದ್ದಾಗ, ಹೊರಗೆ ಮಾಮ ವಸುಧಾಳ ಹತ್ತಿರ ಪಿಸುಗುಟ್ಟಿದ್ದು ಕೇಳಿಸಿತು. “ಏನೇ ಹೇಳಮ್ಮ, ನಿನ್ನ ಗಂಡನಿಗೆ ಮೊಟ್ಟೆ ಮಾಡೋಕೆ ಬಹಳ ಚೆನ್ನಾಗಿ ಬರತ್ತೆ.” ನನಗೆ ಅಡುಗೆ ಬರುತ್ತದೆ ಎಂದು ಕೊನೆಗೂ ಒಬ್ಬರು ನಂಬಿದ್ದರು. ಎರಡನೆಯ ಚೊಂಬನ್ನು ಸಂತೋಷವಾಗಿಯೇ ಹುಯ್ದುಕೊಂಡೆ.