ಬ್ರೀದರ್ ಪೈಪಿನ ಬಾಯಿ ಎತ್ತ ಇರತಕ್ಕದ್ದು ಎಂಬ ಬಗ್ಗೆ

ಮೋಟಾರು ಜೋಡಣಾ ಇಲಾಖೆ
ಮನೆಯ ಹಿಂದಿನ ತಗಡಿನ ಶೆಡ್ಡು, ಕುಷ್ಟಗಿ

ಸಂಖ್ಯೆ: ಮೋಜೋಇ/ಗಾಳಿ/02/2024-25

ವಿಷಯ: ಕಿಟ್ ಕಾರಿನ ಎಂಜಿನ್ ಹೊಗೆ ಹಾಗೂ ಎ.ಸಿ. ತಂಪು ಒಂದೇ ದಾರಿಯಲ್ಲಿ ಬರದಂತೆ ನೋಡಿಕೊಳ್ಳುವ ಕುರಿತು.

ಉಲ್ಲೇಖ: 1. ಗಂಗಾವತಿಯ ಎ.ಸಿ. ಮೆಕ್ಯಾನಿಕ್ ಚಾಂದಸಾಬ ಅವರ ಮೌಖಿಕ ಎಚ್ಚರಿಕೆ (ಮೂರು ಬಾರಿ).
2. ಶ್ರೀಮತಿ ಶರಣಬಸಮ್ಮ ಅವರ ಕೆಮ್ಮು.

ಮೂವತ್ತು ವರ್ಷ ಫ್ರಿಜ್ಜು ರಿಪೇರಿ ಮಾಡಿದ ಕಳಕೇಶಪ್ಪ ಅವರು, ತಂಪಿನ ವಿಷಯದಲ್ಲಿ ತಮಗೆ ಹೇಳಿಕೊಡುವವರು ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂಬ ತಿಳುವಳಿಕೆಯ ಮೇರೆಗೆ, ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರನ್ನು ಎರಡು ವರ್ಷಗಳಲ್ಲಿ ಸ್ವತಃ ಜೋಡಿಸಿರುತ್ತಾರೆ. ಸದರಿಯವರು ಈ ಇಲಾಖೆಯ ಮುಖ್ಯಸ್ಥರೂ ಏಕೈಕ ಸಿಬ್ಬಂದಿಯೂ ಆಗಿರುತ್ತಾರೆ. ಪತ್ನಿ ಶರಣಬಸಮ್ಮ ಅವರಿಗೆ ಉಬ್ಬಸವಿದ್ದು, ಬಿಸಿಲುಗಾಲದ ಬಸ್ಸು ಆಗುವುದಿಲ್ಲವೆಂದೇ ಈ ಕಾರು ಕಟ್ಟಲಾಗಿತ್ತು. ಆದರೆ ಎಂಜಿನ್ನಿನೊಳಗಿನ ಎಣ್ಣೆಹೊಗೆಯನ್ನು ಹೊರಬಿಡುವ ಬ್ರೀದರ್ ಪೈಪನ್ನು, ಎ.ಸಿ. ಹೊರಗಾಳಿ ಎಳೆದುಕೊಳ್ಳುವ ಕಿಂಡಿಯ ಪಕ್ಕದಲ್ಲೇ, ನೋಡಲು ನೀಟಾಗಿದೆಯೆಂಬ ಕಾರಣಕ್ಕೆ ಬಿಡಲಾಗಿತ್ತು.

ಏಪ್ರಿಲ್ ಮೊದಲ ಭಾನುವಾರ, ಕಾಲು ಮುರಿದುಕೊಂಡ ಅಕ್ಕ ಕಸ್ತೂರೆಮ್ಮನನ್ನು ನೋಡಲು ಶರಣಬಸಮ್ಮ ಸದರಿ ವಾಹನದಲ್ಲಿ ಹನುಮಸಾಗರಕ್ಕೆ ಹೊರಟರು. ಅರ್ಧ ದಾರಿಯಲ್ಲಿ ತಂಪಿನ ಜೊತೆ ಎಣ್ಣೆಹೊಗೆಯೂ ಬಂದಿತು. ಅವರು ಕೆಮ್ಮಿದರು. ಅದು ಹೊಸ ಸೀಟಿನ ವಾಸನೆ ಎಂದು ಮುಖ್ಯಸ್ಥರು ತಿಳಿಸಿದರು. ಸೀಟು ಹಳೆಯ ಜೀಪಿನದಾಗಿತ್ತು. ಉಸಿರು ಸಿಕ್ಕದೆ ಆಕೆ ಬಾಗಿಲಿಗೆ ಕೈಹಾಕಿದಾಗ ಗಾಡಿ ನಿಲ್ಲಿಸಲಾಯಿತು. ಬೇವಿನ ನೆರಳಿನಲ್ಲಿ ಇನ್‌ಹೇಲರ್ ಎಳೆದುಕೊಂಡು ಸುಧಾರಿಸಿದ ಮೇಲೆ ಆಕೆ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ನಿಮ್ಮ ಎಂಜಿನ್ನಿಗೆ ಉಸುರಾಡಾಕ ಪೈಪ್ ಇಟ್ಟೀರಿ. ನನಗೇನ್ ಇಟ್ಟೀರಿ?”

ನಂತರ ಆ ದಾರಿಯಲ್ಲಿ ಬಂದ ಬಸ್ಸಿಗೆ ಅವರು ಕೈಮಾಡಿ ಹತ್ತಿದರು. ಮುಖ್ಯಸ್ಥರು ಎ.ಸಿ. ಆರಿಸಿ, ಹನುಮಸಾಗರದವರೆಗೂ ಬಸ್ಸಿನ ಹಿಂದೆಯೇ ಗಾಡಿ ಓಡಿಸಿದರು.

ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

1. ಬ್ರೀದರ್ ಪೈಪನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಗೇ ತಿರುಗಿಸತಕ್ಕದ್ದು. ಇಲಾಖೆಯ ಹೊಗೆಯನ್ನು ಇಲಾಖೆಯೇ ಸೇವಿಸತಕ್ಕದ್ದು.

2. ಎ.ಸಿ. ನೀರಿನ ಪೈಪನ್ನು ಕಾರಿನ ಕೆಳಕ್ಕೆ ಬಿಡತಕ್ಕದ್ದು. ಪಕ್ಕದಲ್ಲಿ ಕುಳಿತವರ ಪಾದದ ಮೇಲೆ ಬೀಳುವ ನೀರನ್ನು ‘ಸೌಲಭ್ಯ’ ಎಂದು ಕರೆಯತಕ್ಕದ್ದಲ್ಲ.

3. ಕೆಮ್ಮು ಕೇಳಿಬಂದಲ್ಲಿ ಕಾರಣವನ್ನು ಮೊದಲು ಬಾನೆಟ್ಟಿನ ಕೆಳಗೆ, ನಂತರ ಮುಖ್ಯಸ್ಥರ ತಲೆಯೊಳಗೆ ಹುಡುಕತಕ್ಕದ್ದು. ಕೆಮ್ಮಿದವರಲ್ಲಿ ಹುಡುಕುವುದನ್ನು ನಿಷೇಧಿಸಲಾಗಿದೆ.

4. ‘ಮೂವತ್ತು ವರ್ಷದ ಅನುಭವ’ ಎಂಬ ಪದಗಳನ್ನು ಶೆಡ್ಡಿನಲ್ಲಿ ಉಚ್ಚರಿಸತಕ್ಕದ್ದಲ್ಲ. ಚಾಂದಸಾಬ ಬಂದು, ಪೈಪು ನೋಡಿ, ಮುಖ್ಯಸ್ಥರ ಮುಖ ನೋಡಿ, ಚಹಾ ಕುಡಿದದ್ದನ್ನು ಸಾಕಷ್ಟು ಶಿಕ್ಷೆಯೆಂದು ಪರಿಗಣಿಸಲಾಗಿದೆ.

5. ಚಾಂದಸಾಬ ಗಾಡಿ ಓಡಿಸಲು, ಮುಖ್ಯಸ್ಥರು ಪತ್ನಿಯ ಸೀಟಿನಲ್ಲಿ ಕುಳಿತು ಯಲಬುರ್ಗಾದವರೆಗೆ ಉಸಿರಾಡಿ ಪರೀಕ್ಷಿಸಿರುತ್ತಾರೆ. ತದನಂತರವೇ ಶರಣಬಸಮ್ಮ ಅವರನ್ನು ಮತ್ತೆ ಹನುಮಸಾಗರಕ್ಕೆ ಹೊರಡಲು ಕರೆಯಲಾಯಿತು. “ಬಸ್ಸಿನ ಟೈಮ್ ಕೇಳಿಟ್ಕೊಂಡಿರ್ರಿ” ಎಂಬ ಷರತ್ತಿನ ಮೇಲೆ ಅವರು ಹತ್ತಿದರು. ಊರು ದಾಟಿ ಸ್ವಲ್ಪ ಹೊತ್ತಿಗೆ, ಬಾಯಿ ತುಸು ತೆರೆದು, ನಿರಾಳವಾಗಿ ನಿದ್ದೆಹೋದರು.

6. ಮುಖ್ಯಸ್ಥರ ಬದಿಯ ಕಿಂಡಿಗೆ ತಂಪಿನ ಪೈಪನ್ನೇ ಜೋಡಿಸಿಲ್ಲವೆಂಬುದು ಆಗ ಕಂಡುಬಂದಿದ್ದು, ಅವರು ಹನುಮಸಾಗರದವರೆಗೆ ಬೆವರಿರುತ್ತಾರೆ. ಆಕೆಗೆ ಎಚ್ಚರವಾದೀತೆಂದು ಕಿಟಕಿಯನ್ನೂ ಇಳಿಸಿರುವುದಿಲ್ಲ. ಸದರಿ ಸಂಗತಿ ಗೌಪ್ಯವಾಗಿರುತ್ತದೆ.

ಸಹಿ/-
(ಕಳಕೇಶಪ್ಪ)
ಮುಖ್ಯಸ್ಥರು ಹಾಗೂ ಸಿಬ್ಬಂದಿ

ಪ್ರತಿಗಳು:
1. ಚಾಂದಸಾಬ, ಗಂಗಾವತಿ: ಮಾಹಿತಿಗಾಗಿ. ನಗಲು ಅನುಮತಿಸಲಾಗಿದೆ.
2. ಕಸ್ತೂರೆಮ್ಮ, ಹನುಮಸಾಗರ: ಯಾರಿಂದಲಾದರೂ ಓದಿಸಿ ಕೇಳಲು.
3. ಶರಣಬಸಮ್ಮ, ಅಡುಗೆಮನೆ: ಕಲಂ 6 ಕತ್ತರಿಸಿ ತೆಗೆದ ಪ್ರತಿ.