ಮೇನ್ ಸ್ವಿಚ್ಚಿಗೆ ಮಂಗಳಾರತಿ

ಈ ದಸರಾ ರಜೆ ಮುಗಿಯುವವರೆಗೆ ಸೀಮೆಎಣ್ಣೆ ದೀಪದ ಮುಖ ನೋಡುವುದಿಲ್ಲ ಎಂದು ನಾನು ಶಪಥ ಮಾಡಿದ್ದೆ. ಬರೀ ಬಾಯಿಮಾತಿನ ಶಪಥವಲ್ಲ. ಜೋಗುಪಾಳ್ಯದ ನಮ್ಮ ಎರಡು ಕೋಣೆಯ ಮನೆಗೆ ಬೀಗ ಜಡಿದು, ಹಲಸೂರು ಕೆರೆಯ ಆಚೆಗಿದ್ದ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯನ್ನು ಹತ್ತು ದಿನಕ್ಕೆ ಬಾಡಿಗೆ ಹಿಡಿದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ದೊರೆ ಬೊಂಬಾಯಿಗೆ ಹೋಗಿದ್ದ. ಬಂಗಲೆಗೆ ಹದಿನಾಲ್ಕು ಕೋಣೆ. ನಾವೋ ನಾಲ್ಕೇ ಜನ: ನಾನು, ಹೆಂಡತಿ ಮಂಜುಳಮ್ಮ, ತಾಯಿ ಮುನಿಗಂಗಮ್ಮ, ತಂಗಿ ಶಾಂತಕುಮಾರಿ.

ಇಷ್ಟು ದೊಡ್ಡಸ್ತಿಕೆ ತಂಗಿಗಾಗಿ. ಆಯುಧಪೂಜೆಯ ಸಂಜೆ ಕೃಷ್ಣರಾಜಪುರದಿಂದ ಗಂಡಿನವರು ಹೆಣ್ಣು ನೋಡಲು ಬರುವವರಿದ್ದರು. ಗಂಡಿನ ತಂದೆ ಮುನಿಆಂಜನಪ್ಪನವರು ಎತ್ತಿನಗಾಡಿ ಮಾಡುವವರು. ಉಳಿ, ಬಾಚಿ ಕೆಳಗಿಡುವುದು ಆ ಒಂದೇ ದಿನ. ಅದಾಗಲೇ ಎರಡು ಸಂಬಂಧ ಕೈತಪ್ಪಿತ್ತು. ಇದೂ ತಪ್ಪಿದರೆ ಅಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಗಂಟು ಕಟ್ಟುವಾಗ ಮಂಜುಳಮ್ಮ ಕೇಳಿದಳು, "ರೀ, ಲಾಟೀನು ಇಟ್ಕೊಳ್ಳಲಾ?"

"ಕರೆಂಟಿರೋ ಬಂಗಲೆಗೆ ಲಾಟೀನಾ? ಮಾನ ಹೋಗುತ್ತೆ ಕಣೆ."

ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ಹುಷಾರಾಗಬೇಕು ಎನ್ನುವುದು ಮದುವೆಯಾಗಿ ಹನ್ನೆರಡು ವರ್ಷವಾದರೂ ನನಗೆ ಸಮಯಕ್ಕೆ ನೆನಪಾಗುವುದಿಲ್ಲ.

ಬಂಗಲೆಯ ಕಾವಲುಗಾರ ರಹೀಂ ಎಲ್ಲವನ್ನೂ ತೋರಿಸಿದ. ಇಲ್ಲಿ ಒತ್ತಿದರೆ ದೀಪ, ಅಲ್ಲಿ ಒತ್ತಿದರೆ ಫ್ಯಾನು. ಒಲೆಗೆ ಸೌದೆಯಿಲ್ಲ, ತಂತಿ ಕೆಂಪಗಾದರೆ ಅನ್ನ ಬೇಯುತ್ತದೆ. ಬಾವಿಯ ನೀರನ್ನು ಮೋಟಾರು ಮೇಲೆತ್ತುತ್ತದೆ. ಬಾಗಿಲು ತಟ್ಟುವ ಹಾಗಿಲ್ಲ, ಗುಂಡಿ ಒತ್ತಿದರೆ ಬೆಲ್ಲು.

"ಮತ್ತೆ ಮನುಷ್ಯ ಏನ್ ಮಾಡ್ತಾನೆ?" ಎಂದಳು ಅಮ್ಮ.

"ಒತ್ತುತ್ತಾನೆ ಅಮ್ಮಾ," ಎಂದೆ ಹೆಮ್ಮೆಯಿಂದ. ಮೂರೇ ದಿನದಲ್ಲಿ ಅದೊಂದು ವಿದ್ಯೆಯಲ್ಲಿ ನಾನು ಪಾರಂಗತನಾದೆ.

ಆಯುಧಪೂಜೆ ಬಂತು. ಜೋಗುಪಾಳ್ಯದಲ್ಲಿ ನನ್ನ ಆಯುಧಗಳೆಂದರೆ ಆಫೀಸಿನ ಪೆನ್ನು, ಮನೆಯ ಈಳಿಗೆಮಣೆ. ಇಲ್ಲಿ ಒಂದು ಸೈನ್ಯವೇ ಇತ್ತು. ರಹೀಂ ಏಣಿ ಹಿಡಿದ. ನಾನು ಫ್ಯಾನು, ಬಲ್ಬು, ಒಲೆ, ಬೆಲ್ಲು, ಮೋಟಾರು, ಒಂದನ್ನೂ ಬಿಡದೆ ಕುಂಕುಮ ಇಟ್ಟು ಚೆಂಡುಹೂವು ಮುಡಿಸಿದೆ. ಕೊನೆಗೆ ಮೇನ್ ಸ್ವಿಚ್ಚಿಗೆ ಮಾರುದ್ದದ ಹಾರ ಹಾಕಿ, ತೆಂಗಿನಕಾಯಿ ಒಡೆದು, ಮಂಗಳಾರತಿ ಎತ್ತಿ ಅಡ್ಡಬಿದ್ದೆ. ಏಳುವಷ್ಟರಲ್ಲಿ ಅಮ್ಮ ಆ ಸ್ವಿಚ್ಚನ್ನು ಕೆಳಗೆ ಎಳೆದು ಕರೆಂಟು ನಿಲ್ಲಿಸಿದ್ದಳು.

"ಯಾಕಮ್ಮಾ?"

"ಪೂಜೆ ಆದ್ಮೇಲೆ ನಾಳೆವರ್ಗೂ ಮುಟ್ಟಂಗಿಲ್ಲ. ನಿಮ್ಮಪ್ಪ ಪೂಜೆಗಿಟ್ಟ ನೇಗಿಲು ಮುಟ್ಟಿದ್ದು ಯಾವತ್ತಾದ್ರೂ ನೋಡಿದ್ಯಾ? ಇವಕ್ಕೂ ಇವತ್ತು ರಜ."

"ಸಾಯಂಕಾಲ ಗಂಡಿನೋರು ಬರ್ತಾರಲ್ಲ?"

"ಅದಕ್ಕೇ ಹೇಳಿದ್ದು. ಆಯಪ್ಪ ಇವತ್ತು ಉಳಿ ಮುಟ್ಟಿರಲ್ಲ. ಅವನೆದುರಿಗೆ ಕುಂಕುಮ ಇಟ್ಟ ದೀಪನ ದುಡಿಸ್ತೀಯಾ? ಸಂಬಂಧ ಅಲ್ಲಿಗೇ ಮುಗೀತು."

ಮಂಜುಳಮ್ಮ, ಶಾಂತಕುಮಾರಿ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ರಹೀಂ ತಂದ ಸೌದೆಯಲ್ಲಿ ಉಪ್ಪಿಟ್ಟಿಗೆ ಎಸರಿಟ್ಟರು. ಹೊತ್ತು ಇಳಿಯುತ್ತಿದ್ದಂತೆ ನಾನು ಕೋಟು ತರಲು ಒಳಗೆ ಹೋದೆ.

ಹೋದವನು ಅಲ್ಲೇ ಕಳೆದುಹೋದೆ. ಕಿಟಕಿಗಳಿಗೆಲ್ಲ ಜಮಖಾನದಂಥ ಪರದೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದರಾಚೆ ಮೇಜು, ಆ ಮೇಜಿಗೆ ನನ್ನ ಮೊಣಕಾಲು. ಕೂಗಿದರೆ ನನ್ನ ದನಿಯೇ ನನಗೆ ವಾಪಸು ಬರುತ್ತಿತ್ತು. ಜೋಗುಪಾಳ್ಯದಲ್ಲಿ ಕತ್ತಲಲ್ಲೂ ಬೆಂಕಿಪೊಟ್ಟಣ ಎಲ್ಲಿದೆ, ನೀರಿನ ಚೊಂಬು ಎಲ್ಲಿದೆ ಎಂದು ಕೈಗೇ ಗೊತ್ತಿತ್ತು. ಆ ಕೈಯನ್ನು ಮೂರೇ ದಿನದಲ್ಲಿ ಹಾಳು ಮಾಡಿಕೊಂಡೆನಲ್ಲ ಎಂದು ನಿಜಕ್ಕೂ ಅಳು ಬಂತು.

ಅದೇ ಹೊತ್ತಿಗೆ ಮುನಿಆಂಜನಪ್ಪನವರು ಮಗ ಚಿಕ್ಕವೆಂಕಟಪ್ಪನೊಂದಿಗೆ ಮುಂಬಾಗಿಲಲ್ಲಿ ನಿಂತು ಬೆಲ್ಲು ಒತ್ತುತ್ತಿದ್ದರಂತೆ. ಬೆಲ್ಲಿಗೂ ರಜ. ಒತ್ತಿ ಒತ್ತಿ ಸಾಕಾಗಿ, ಹೊಗೆ ಬಂದ ದಿಕ್ಕು ಹಿಡಿದು ಬಂಗಲೆ ಸುತ್ತಿ ಹಿತ್ತಿಲಿಗೆ ಬಂದರು. ನಾನು ಕೊನೆಗೂ ಬಚ್ಚಲ ಬಾಗಿಲು ಸಿಕ್ಕಿ, ತಲೆಯ ತುಂಬ ಜೇಡರ ಬಲೆ ಹೊತ್ತು ಹೊರಬಿದ್ದಾಗ ಅವರು ಅಲ್ಲೇ ನಿಂತಿದ್ದರು. ಅವರು ನೋಡಬೇಕಾದ ಹೆಣ್ಣು ಕೆನ್ನೆಗೆ ಮಸಿ ಮೆತ್ತಿಕೊಂಡು ಒಲೆ ಊದುತ್ತಿದ್ದಳು. ಮೂರನೆಯ ಸಂಬಂಧವೂ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಮಂಜುಳಮ್ಮ ಬೆಳಕು ಹಿಡಿದು ಬಂದಳು. ನಮ್ಮ ಜೋಗುಪಾಳ್ಯದ ಲಾಟೀನು.

"ಎಲ್ಲಿತ್ತೇ ಇದು?"

"ಸೀರೆ ಗಂಟಲ್ಲಿ. ಹದಿನಾಲ್ಕು ಕೋಣೆ ತಿರುಗಿ ಎಲ್ಲಕ್ಕೂ ಪೂಜೆ ಮಾಡಿದ್ರಿ, ಇದಕ್ಕೆ ಮಾಡ್ಲಿಲ್ಲವಲ್ಲ. ಹಂಗಾಗಿ ಇದು ಕೆಲಸಕ್ಕಿದೆ."

ಅಮ್ಮ ಬೆಳಗಿನ ಕಥೆಯನ್ನೆಲ್ಲ ಒಪ್ಪಿಸಿದಳು. ಮುನಿಆಂಜನಪ್ಪನವರು ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಜ ಹೇಳ್ತೀನಮ್ಮಾ, ಬಂಗಲೆ ನೋಡಿ ಗೇಟಿಂದಾನೇ ವಾಪಸ್ ಹೋಗೋಣ ಅಂದಿದ್ದೆ ನಮ್ಮ ಹುಡುಗನಿಗೆ. ನಮ್ಮನೇಲಿ ಕರೆಂಟಿಲ್ಲ, ಇಂಥ ಕಡೆ ಬೆಳೆದ ಹುಡುಗಿ ಹೆಂಗೆ ಬಾಳ್ತಾಳೆ ಅಂತ ಭಯ. ಈ ಒಲೆ ನೋಡಿದ್ಮೇಲೆ ಜೀವ ಬಂತು."

ಹುಡುಗ ಒಲೆಯ ಮುಂದೆ ಕೂತು, ಹೊಗೆಯಾಡುತ್ತಿದ್ದ ಸೌದೆಯನ್ನು ತಿರುಗಿಸಿಟ್ಟ. ಬೆಂಕಿ ಭಗ್ಗನೆ ಹತ್ತಿಕೊಂಡಿತು. ಶಾಂತಕುಮಾರಿ ಅಮ್ಮನ ಕಡೆ ನೋಡಿ ಒಪ್ಪಿಗೆ ಎಂಬಂತೆ ತಲೆಯಾಡಿಸಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಜಾಸ್ತಿಯಾಯಿತು ಎಂದಳು.

"ಹಂಗಾದ್ರೆ ಊಟ ಮಾಡ್ಕೊಂಡೇ ಹೋಗ್ಬೇಕು ಬೀಗ್ರು," ಎಂದೆ ನಾನು, ಹೋದ ಗತ್ತನ್ನು ಮತ್ತೆ ತಂದುಕೊಂಡು. "ಮೊದ್ಲು ಕೈಕಾಲು ತೊಳ್ಕೊಳ್ಳಿ."

ನಲ್ಲಿ ತಿರುಗಿಸಿದೆ. ಒಂದು ಹನಿ ಬಿತ್ತು. ತೊಟ್ಟಿ ಖಾಲಿ. ಬಾವಿಯ ಪಕ್ಕದಲ್ಲಿ ಮೋಟಾರು ಚೆಂಡುಹೂವು ಮುಡಿದು ನೆಮ್ಮದಿಯಾಗಿ ಕೂತಿತ್ತು.

"ಯೋಚ್ನೆ ಮಾಡ್ಬೇಡಿ ಅತ್ತೆ," ಎಂದಳು ಮಂಜುಳಮ್ಮ. "ಈ ಮನೇಲಿ ಪೂಜೆ ಆಗದೇ ಇರೋ ಸಾಮಾನು ಇನ್ನೂ ಒಂದಿದೆ."

ಹಾಗೆಂದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀರು ಸೇದುವ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.