ಚಿಮಟನ ಹಿಡಿತ

ಹಿಂದಿನ ದಿನದ ಬೇಸ್‌ಬಾಲ್ ಅಭ್ಯಾಸದಲ್ಲಿ ಅವನು ಬೀಸಿದಾಗ ಚೆಂಡು ಸುಮ್ಮನೆ ಹಿಂದೆ ಹಿಡಿಯಲು ಕೂತವನ ಕೈ ಸೇರಿತು. ಹಾರಿದ್ದು ಬ್ಯಾಟು. ಅದು ಹೋಗಿ ಬಿದ್ದದ್ದು ನಾಯಕನ ಕಾಫಿ ಫ್ಲಾಸ್ಕಿನ ಮೇಲೆ. ಬೇರೆ ಯಾರ ಫ್ಲಾಸ್ಕಾಗಿದ್ದರೂ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಬ್ಯಾಟು ಬೀಸಿದವನು ಆ ಬೀದಿಯ ಗಡಿಯಾರ ರಿಪೇರಿಯವನು. ಏನನ್ನೇ ಆಗಲಿ ಬೆರಳ ತುದಿಯಲ್ಲೇ ಹಿಡಿಯುವ ಅಭ್ಯಾಸದಿಂದ ಬೀದಿಯವರು ಅವನಿಗೆ ಚಿಮಟ ಎಂದು ಹೆಸರಿಟ್ಟಿದ್ದರು. ಲೋಟ, ಕೊಡೆ, ಬೀಗದ ಕೈ, ಎಲ್ಲವನ್ನೂ ಹಾಗೇ ಹಿಡಿಯುವನು. ಮದುವೆಯ ದಿನ ನನ್ನ ಕೈಯನ್ನೂ ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದಿದ್ದರು ಎಂದು ಅವನ ಹೆಂಡತಿ ಇಂದಿಗೂ ಹೇಳುತ್ತಾಳೆ. ಬೀದಿಯ ಅಂಗಡಿಯವರ ಬೇಸ್‌ಬಾಲ್ ತಂಡದಲ್ಲಿ ಮೂರು ವರ್ಷದಿಂದ ಇದ್ದರೂ ಅವನು ಹೊಡೆದ ಚೆಂಡು ಎಸೆದವನ ಕಾಲಬುಡವನ್ನು ದಾಟಿದ್ದಿಲ್ಲ. ಆದರೂ ಆ ಆಟವೆಂದರೆ ಅವನಿಗೆ ಪ್ರಾಣ. ತಂಡದ ಅಂಗಿಯನ್ನು ತಾನೇ ಒಗೆದು, ತಾನೇ ಇಸ್ತ್ರಿ ಮಾಡಿ, ಅಂಗಡಿಯ ಗೋಡೆಯಲ್ಲಿ ಗಡಿಯಾರಗಳ ನಡುವೆ ನೇತುಹಾಕುತ್ತಿದ್ದ.

ಮರುದಿನ ಬೆಳಿಗ್ಗೆ ಕಬ್ಬಿಣದಂಗಡಿಯ ಮುಂದೆ ತಂಡದ ಸಭೆ ಸೇರಿತು. ನಾಯಕ ಆ ಅಂಗಡಿಯ ಯಜಮಾನನೇ. ಚಿಮಟನನ್ನು ತಂಡದಿಂದ ಕೈಬಿಡುವುದೆಂದು ಸೂಚಿಸಿ, ಬೇಡ ಎನ್ನುವವರು ಕೈಯೆತ್ತಿ ಎಂದ. ಆ ತಂಡದ ಕಟ್ಟಳೆಯೇ ಹಾಗೆ. ಒಂದೇ ಒಂದು ಕೈ ಎದ್ದರೂ ತೀರ್ಮಾನ ನಿಲ್ಲುತ್ತದೆ. ಆದರೆ ಬಾಯಲ್ಲಿ ಬೇಡ ಅಂದರೆ ಲೆಕ್ಕಕ್ಕಿಲ್ಲ, ಕೈ ಭುಜ ದಾಟಿ ಮೇಲೆ ಬರಬೇಕು. ಹಿಂದೆ ಬಾಯಿಗೂ ಅವಕಾಶವಿದ್ದಾಗ ಸಭೆಗಳು ಮುಗಿಯುತ್ತಲೇ ಇರಲಿಲ್ಲ.

ಎದ್ದದ್ದು ಒಂದೇ ಕೈ. ಅದು ಚಿಮಟನದೇ.

"ಸರಿ ಕಣಪ್ಪ," ಎಂದ ನಾಯಕ. "ಸಂಜೆ ಹಿಂದಿನ ಬೀದಿಯವರ ಜೊತೆ ಆಟ ಇದೆ. ಒಂದೇ ಒಂದು ಸಲ ನೆಟ್ಟಗೆ ಹೊಡಿ, ತಂಡದಲ್ಲಿರು. ಇಲ್ದಿದ್ರೆ ನಾಳೆಯಿಂದ ಪೆನ್ಸಿಲ್ ಹಿಡ್ಕೊಂಡು ಸ್ಕೋರ್ ಬರಿ. ಅದಕ್ಕೆ ನಿನ್ನ ಹಿಡಿತ ಸಾಕು."

ಸಭೆ ಮುಗಿದದ್ದೇ ತಡ, ಬೇಕರಿಯವನು ಅವನ ಹೆಗಲ ಮೇಲೆ ಕೈಹಾಕಿದ. ಹೊಡೆತದ ಗುಟ್ಟೆಲ್ಲ ಮುಷ್ಟಿಯಲ್ಲಿದೆ, ಮುಷ್ಟಿ ಗಟ್ಟಿಯಾಗಬೇಕಾದರೆ ಹಿಟ್ಟು ನಾದಬೇಕು ಎಂದ. ಅದೃಷ್ಟಕ್ಕೆ ಅವತ್ತೇ ಅವನ ಹಿಟ್ಟು ಕಲಸುವ ಯಂತ್ರ ಕೆಟ್ಟು ಕೂತಿತ್ತು. ಚಿಮಟ ಇಪ್ಪತ್ತು ಕಿಲೋ ಹಿಟ್ಟು ನಾದಿ ಹೊರಬರುವಾಗ ಅವನ ರೆಪ್ಪೆಯೂ ಬೆಳ್ಳಗಾಗಿತ್ತು.

ಎದುರಿಗೆ ಲಾಂಡ್ರಿಯ ಅಕ್ಕ ನಿಂತಿದ್ದಳು. ಮುಷ್ಟಿಯಿಂದ ಏನೂ ಆಗದು, ಬ್ಯಾಟು ತಿರುಗುವುದು ಮಣಿಕಟ್ಟಿನಿಂದ ಎಂದು ಅವಳ ವಾದ. ಮಣಿಕಟ್ಟಿಗೆ ಕಂಬಳಿ ಹಿಂಡುವುದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲವಂತೆ. ಯಾವುದೋ ಹಾಸ್ಟೆಲಿನ ನಲವತ್ತು ಕಂಬಳಿಗಳು ತೊಟ್ಟಿಯಲ್ಲಿ ನೆನೆದು ಕಾಯುತ್ತಿದ್ದವು. ಮೂವತ್ತನೆಯದಕ್ಕೆ ಬರುವಷ್ಟರಲ್ಲಿ ಕಂಬಳಿ ತನ್ನನ್ನೇ ಹಿಂಡುತ್ತಿದೆ ಎಂದು ಅವನಿಗೆ ಅನಿಸತೊಡಗಿತು. "ಬಿಡ್ಬೇಡ ತಮ್ಮಾ, ಇನ್ನು ಹತ್ತೇ," ಎಂದು ಅಕ್ಕ ಕುರ್ಚಿಯಲ್ಲಿ ಕೂತು ಹುರಿದುಂಬಿಸಿದಳು.

ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯಲು ಅವನಿಗೆ ಹೆಂಡತಿಯ ಸಹಾಯ ಬೇಕಾಯಿತು. ಚಮಚ ಎರಡು ಸಲ ಜಾರಿ ಬಿತ್ತು. ಈ ಕೈಯಲ್ಲಿ ಸಂಜೆ ಬ್ಯಾಟು ಹೇಗೆ ಹಿಡಿಯಲಿ ಎಂದು ನೆನೆದರೆ ಅಳುವೇ ಬರುತ್ತಿತ್ತು. ಅಷ್ಟರಲ್ಲಿ ಕಬ್ಬಿಣದಂಗಡಿಯಿಂದ ಕರೆ ಬಂತು. ಕೈಯಲ್ಲಿ ಎಷ್ಟು ಬಲವಿದ್ದರೇನು, ನಿಜವಾದ ಹೊಡೆತ ಸೊಂಟ, ತೊಡೆಗಳಿಂದ ಬರಬೇಕು ಎಂದು ನಾಯಕ ವಿವರಿಸಿದ. ಬಾಗಿಲಲ್ಲಿ ಸಿಮೆಂಟಿನ ಲಾರಿ ನಿಂತಿತ್ತು. ಕೂಲಿಯವರು ಅವತ್ತು ರಜಾ.

ಸಂಜೆ ಚಿಮಟನ ಸರದಿ ಬಂದದ್ದು ಕೊನೆಯ ಸುತ್ತಿನಲ್ಲಿ. ತಂಡಕ್ಕೆ ಇನ್ನು ಒಂದೇ ಓಟ ಬೇಕು. ಗೆಲುವು ಕೈಬಿಟ್ಟಿತೆಂದು ಬೇಕರಿಯವನು ಆಗಲೇ ಚೀಲ ಕಟ್ಟುತ್ತಿದ್ದ. ಚಿಮಟ ಬ್ಯಾಟು ಹಿಡಿದ. ಹಿಡಿದ ಅನ್ನುವುದೂ ಹೆಚ್ಚಾಯಿತು, ಬೆರಳುಗಳು ಮಡಚಲೇ ಇಲ್ಲ. ಯಾರದೋ ಕೂಸನ್ನು ಎತ್ತಿಕೊಂಡವನ ಹಾಗೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತ.

ಮೊದಲೆರಡು ಚೆಂಡು ಹೋದದ್ದೇ ಗೊತ್ತಾಗಲಿಲ್ಲ. ಮೂರನೆಯದು ಬರುವಾಗ ತೋಳು ಬೀಸಲು ಬಾರದೆ ಇಡೀ ಮೈಯನ್ನೇ ತಿರುಗಿಸಿದ. ಸೊಂಟ ಮೊದಲು ತಿರುಗಿತು, ಹಿಂದೆಯೇ ಭುಜ, ಕೊನೆಗೆ ಬ್ಯಾಟು. ಟಕ್ ಎಂದಿತು. ಬ್ಯಾಟು ಹಾರಿತೇನೋ ಎಂದು ಅವನು ಮೊದಲು ಅದನ್ನೇ ನೋಡಿಕೊಂಡ. ಅದು ಕೈಯಲ್ಲೇ ಇತ್ತು. ಚೆಂಡು ಬೇಲಿ ದಾಟಿ, ನೀರಿನ ಟ್ಯಾಂಕು ದಾಟಿ ಎಲ್ಲೋ ಹೋಗಿತ್ತು.

"ರೀ, ಓಡ್ರೀ!" ಎಂದು ಹೆಂಡತಿ ಕೂಗಿದಾಗಲೇ ಅವನಿಗೆ ಓಡಬೇಕೆಂಬುದು ನೆನಪಾದದ್ದು. ಅಷ್ಟು ಸಂತೋಷವನ್ನು ಅವನು ಹಿಂದೆ ಎಂದೂ ಕಂಡಿರಲಿಲ್ಲ. ಸುತ್ತು ಮುಗಿಸುವಾಗ ಕಣ್ಣು ಮಂಜಾಗಿತ್ತು.

ಹೆಗಲ ಮೇಲೆ ಎತ್ತಿಕೊಂಡಿದ್ದ ಅವನನ್ನು ಇಳಿಸುವ ಮೊದಲೇ ಜಗಳ ಶುರುವಾಯಿತು. ಹಿಟ್ಟಿನಿಂದ ಎಂದು ಬೇಕರಿಯವನು, ಕಂಬಳಿಯಿಂದ ಎಂದು ಲಾಂಡ್ರಿಯ ಅಕ್ಕ, ಸಿಮೆಂಟಿನಿಂದ ಎಂದು ನಾಯಕ. ನಾಳೆಯೂ ಇವರು ಬಿಡುವುದಿಲ್ಲ ಎಂಬ ವಾಸನೆ ಬಡಿದು ಚಿಮಟ ನಿಜ ಹೇಳಿಬಿಡುವುದೇ ಲೇಸೆಂದುಕೊಂಡ.

"ಅಣ್ಣಾ, ಶಕ್ತಿ ಬಂದಿದ್ದಕ್ಕಲ್ಲ, ಇದ್ದದ್ದೂ ಹೋಗಿದ್ದಕ್ಕೆ ಆಗಿದ್ದು ಇದು. ಯಾವಾಗ್ಲಿನ ಹಾಗೆ ಬೆರಳ ತುದೀಲಿ ಬಿಗಿಯಾಗಿ ಹಿಡಿಯೋಕೆ ಆಗ್ಲಿಲ್ಲ, ಬ್ಯಾಟು ಸಡಿಲವಾಗಿ ತಿರುಗ್ತು, ಮೈ ಹೊಡೀತು. ಇನ್ಮೇಲೆ ಮೆತ್ತಗೆ ಹಿಡಿದು ಮೈ ತಿರುಗಿಸಿದ್ರೆ ಸಾಕು. ಈ ಕೆಲಸ ಯಾವ್ದೂ ಬೇಡ."

ನಾಯಕ ಗಲ್ಲ ಕೆರೆದುಕೊಂಡ.

"ಅಂದ್ರೆ, ನೀನು ಸುಸ್ತಾದಷ್ಟೂ ಚೆಂಡು ದೂರ ಹೋಗುತ್ತೆ."

ಸಂಜೆಯ ಆಟಗಳು ಇನ್ನೂ ಎರಡು ತಿಂಗಳಿದ್ದವು. ಪ್ರತಿ ಆಟದ ದಿನ ಚಿಮಟ ಮೂವತ್ತು ಕಿಲೋ ನಾದತಕ್ಕದ್ದು, ಅರವತ್ತು ಕಂಬಳಿ ಹಿಂಡತಕ್ಕದ್ದು, ಲಾರಿ ಬಂದರೆ ಇಳಿಸತಕ್ಕದ್ದು ಎಂದು ನಾಯಕ ಸೂಚಿಸಿದ. ಲಾರಿ ಬಂದೇ ಬರುತ್ತದೆ ಎಂದೂ ಭರವಸೆ ಕೊಟ್ಟ.

"ಬೇಡ ಅನ್ನೋರು ಕೈಯೆತ್ತಿ."

ಬೇಡ ಬೇಡ ಎಂದು ಚಿಮಟ ಬಾಯಿ ಬಡಿದುಕೊಂಡ. ಅದು ಲೆಕ್ಕಕ್ಕಿಲ್ಲ. ಹಲ್ಲುಕಚ್ಚಿ ಕೈಯೆತ್ತಿದ. ಅದು ಸೊಂಟದ ಪಟ್ಟಿಯವರೆಗೆ ಬಂದು, ತಿರುಗಿ ಕೆಳಗಿಳಿಯಿತು.

ನಾಯಕ ಎಲ್ಲರನ್ನೂ ಒಮ್ಮೆ ನಿಧಾನವಾಗಿ ನೋಡಿ, ಸರ್ವಾನುಮತ ಎಂದು ಬರೆದುಕೊಂಡ.